ಹಸಿರು ಬಿಡದ ಈಜುಕೊಳ: ದೋಷ ಎಲ್ಲಿದೆ ಅಂತ ಹುಡುಕಿದ ಬಗೆ

ಕೊಳದ ನೀರು ಹಸಿರಾದ ಕೂಡಲೇ ಎಲ್ಲರೂ ಓಡುವುದು ಕ್ಲೋರಿನ್ ಡಬ್ಬದ ಕಡೆಗೆ. ನಮ್ಮ ಚಿಕ್ಕಪ್ಪನ ಮನೆಯಲ್ಲೂ ಅದೇ ಆಗಿತ್ತು. ಮೈಸೂರಿನ ಹೊರಗೆ, ವರುಣಾ ನಾಲೆಯ ನೀರು ಹಾಯುವ ಗದ್ದೆಗಳ ಪಕ್ಕ ಅವರದೊಂದು ತೋಟದ ಮನೆ. ಅದರ ಹಿಂದೆ 8 ಮೀಟರ್ ಉದ್ದ, 4 ಮೀಟರ್ ಅಗಲದ ಈಜುಕೊಳ. ಮಗಳ ಬಾಣಂತನಕ್ಕೆಂದು ಹೋದ ಚಿಕ್ಕಪ್ಪ, ಚಿಕ್ಕಮ್ಮ ಮೂರು ವರ್ಷ ಅಲ್ಲೇ ಉಳಿದುಬಿಟ್ಟರು. ವಾಪಸ್ ಬಂದು ನೋಡಿದರೆ ಕೊಳ ಹೋಗಿ ಕೆರೆಯಾಗಿದೆ. ಮೇಲೆ ಹೊಂಗೆ ಎಲೆ, ಅಂಚಿನಲ್ಲಿ ಗಿಜಿಗಿಜಿ ಸೊಳ್ಳೆ ಮರಿ, ನಡುವೆ ತಲೆಯೆತ್ತಿಕೊಂಡು ಆರಾಮಾಗಿ ಈಜುತ್ತಿದ್ದ ಒಂದು ನೀರೊಳ್ಳೆ ಹಾವು.

"ಹಾಕ್ತಾನೇ ಇದೀನಿ ಕಣಣ್ಣ, ಹಸಿರು ಬುಡ್ತಾನೇ ಇಲ್ಲ" ಅಂತ ತೋಟ ನೋಡಿಕೊಳ್ಳುವವರು ಮೂರು ಖಾಲಿ ಡಬ್ಬ ತಂದು ತೋರಿಸಿದರು. ಕಳೆದ ಬೇಸಿಗೆಯಿಂದ ಐದೈದು ಕೆಜಿಯ ಮೂರು ಡಬ್ಬ ಕ್ಲೋರಿನ್ ಬಿಲ್ಲೆ ನೀರಿಗೆ ಬಿದ್ದಿತ್ತು. ಪಂಪ್ ಓಡಿ ಎಷ್ಟು ದಿನ ಆಯಿತು ಅಂದೆ. ಅವರು ಪಂಪ್ ರೂಮಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು.

ನಾನು ಮೋಟರ್ ವೈಂಡಿಂಗ್ ಅಂಗಡಿಯವನು. ನೀರಿನ ರಸಾಯನ ಕಲಿತದ್ದು ಆಮೇಲೆ, ಪೆಟ್ಟು ತಿಂದು. ಪಂಪ್ ಮಾತ್ರ ಇಪ್ಪತ್ತು ವರ್ಷದ ಪರಿಚಯ. ಹಾಗಾಗಿ ನಾನು ಹುಡುಕುವ ಕ್ರಮ ಹೀಗೆ: ಕರೆಂಟು, ಪಂಪ್, ಫಿಲ್ಟರ್, ಆಮೇಲೆ ನೀರು, ಕೊನೆಗೆ ಸೋರಿಕೆ. ನೀರು ತಿರುಗದ ಕೊಳಕ್ಕೆ ಹಾಕಿದ ಔಷಧಿ ಬಿದ್ದ ಜಾಗದಲ್ಲೇ ಕೂರುತ್ತದೆ.

ಕೈ ಹಾಕುವ ಮೊದಲು

ಎಲ್ಲಾ ನೀರು ಖಾಲಿ ಮಾಡಿ ತೊಳೆದುಬಿಡೋಣ ಅನ್ನುವುದು ಮೊದಲ ಯೋಚನೆ. ಬೇಡ. ನಾಲೆಯಲ್ಲಿ ನೀರಿದ್ದಾಗ, ಮಳೆ ಹಿಡಿದಾಗ ಕೊಳದ ಸುತ್ತಲ ಮಣ್ಣು ನೀರು ಕುಡಿದು ನಿಂತಿರುತ್ತದೆ. ಒಳಗಿನ ನೀರಿನ ಭಾರ ತೆಗೆದರೆ ಹೊರಗಿನ ನೀರು ತಳವನ್ನು ಮೇಲಕ್ಕೆ ಒತ್ತುತ್ತದೆ. ತುಂಬಿದ ಬಕೆಟ್ಟಿನೊಳಗೆ ಖಾಲಿ ಲೋಟ ಅದುಮಿ ನೋಡಿ, ಗೊತ್ತಾಗುತ್ತದೆ. ಟೈಲ್ಸ್ ಏಳಬಹುದು, ತಳ ಬಿರುಕು ಬಿಡಬಹುದು, ಫೈಬರ್ ಕೊಳವಾದರೆ ಇಡೀ ತೊಟ್ಟಿಯೇ ಎದ್ದು ಕೂರಬಹುದು.

ಎರಡನೆಯದು ಇನ್ನೂ ಮುಖ್ಯ. ಪಂಪ್ ರೂಮಿನಲ್ಲಿ ಬಿಲ್ಲೆ ಡಬ್ಬದ ಪಕ್ಕದಲ್ಲೇ ಬ್ಲೀಚಿಂಗ್ ಪೌಡರ್ ಚೀಲ ಬಾಯಿ ತೆರೆದು ಕೂತಿತ್ತು. ಎರಡಕ್ಕೂ ಒಂದೇ ಮಗ್. ಆ ಮಗ್ಗಿನ ತಳದಲ್ಲಿ ಒದ್ದೆ ಪುಡಿ ಗಟ್ಟಿಯಾಗಿತ್ತು. ನೋಡಿ ಎದೆ ಧಸಕ್ ಅಂತು. ಬಿಲ್ಲೆಯಲ್ಲಿರುವುದು ಟಿಸಿಸಿಎ (ಟ್ರೈಕ್ಲೋರೋಐಸೋಸೈನೂರಿಕ್ ಆಸಿಡ್), ಪುಡಿಯಲ್ಲಿರುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಇವೆರಡೂ ಸೇರಿ ಸ್ವಲ್ಪ ತೇವ ಸಿಕ್ಕರೆ ವಿಷದ ಗಾಳಿ ಏಳುತ್ತದೆ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಎರಡೂ ಕ್ಲೋರಿನ್ನೇ ತಾನೇ ಅನ್ನುವವರಿಗೆ ಈ ಒಂದು ಮಾತನ್ನು ಕೂಗಿ ಹೇಳಬೇಕು. ಬೇರೆ ಮಗ್, ಬೇರೆ ಮೂಲೆ. ಆಸಿಡ್ಡಿಗೆ ಇನ್ನೊಂದು ಕೋಣೆ. ಆಸಿಡ್ ಕಲಸುವಾಗ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರಲ್ಲ.

ಮೂರನೆಯದು ಕರೆಂಟು. ವರ್ಷಗಟ್ಟಲೆ ಪಂಪ್ ಓಡದ ರೂಮಿನಲ್ಲಿ ಇಲಿ ವೈರು ಕಡಿದಿರುತ್ತದೆ, ಅರ್ಥಿಂಗ್ ಗುಂಡಿ ಒಣಗಿರುತ್ತದೆ. ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಅದು, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್, ಬೀಳಲೇಬೇಕು. ಬೀಳದಿದ್ದರೆ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು, ಮೊದಲು ಎಲೆಕ್ಟ್ರಿಷಿಯನ್ ಬರಲಿ. ನೀರೊಳಗಿನ ದೀಪದ ಲೈನ್ ಕಳಚಿಟ್ಟೇ ಮುಂದುವರಿಯಿರಿ.

ಪಂಪ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಇಂಥ ಕರೆ ನನ್ನ ಅಂಗಡಿಗೆ ವಾರಕ್ಕೆ ನಾಲ್ಕು ಬರುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಗುಂಯ್ ಅನ್ನಿಸಬೇಡಿ, ವೈಂಡಿಂಗ್ ಸುಟ್ಟರೆ ಖರ್ಚು ಬೇರೆಯದೇ. ಮೇನ್ ಆಫ್ ಮಾಡಿ ಹಿಂದಿನ ಫ್ಯಾನ್ ಕವರ್ ಬಿಚ್ಚಿ, ಕೈಯಿಂದ ಫ್ಯಾನ್ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ. ಅಷ್ಟಕ್ಕೇ ಬೆಲೆಬಾಳುವ ಮೋಟರನ್ನೇ ಬದಲಿಸಿ ಅಂತ ಹೇಳುವವರಿದ್ದಾರೆ, ಜಾಗ್ರತೆ. ಫ್ಯಾನ್ ಅಲುಗದಿದ್ದರೆ ಎಲ್ಲೋ ಹಿಡಿದಿದೆ: ಬೇರಿಂಗ್, ಇಲ್ಲವೇ ಮೆಕ್ಯಾನಿಕಲ್ ಸೀಲ್, ಇಲ್ಲವೇ ನೀರು ತಳ್ಳುವ ಚಕ್ರದ, ಅಂದರೆ ಇಂಪೆಲ್ಲರಿನ, ಬಾಯಿಗೆ ಸಿಕ್ಕ ಕಸ. ನಮ್ಮಲ್ಲಿ ಇಂಪೆಲ್ಲರ್ ಸಂದಿಯಲ್ಲಿ ಎರಡು ಹೊಂಗೆ ಬೀಜ ಸಿಕ್ಕಿಕೊಂಡಿದ್ದವು, ಸೀಲಿನ ಸುತ್ತ ಬೋರ್ ನೀರಿನ ಸುಣ್ಣ ಕಟ್ಟಿಕೊಂಡಿತ್ತು. ಸೀಲ್ ಹೊಸದು ಹಾಕಿದೆ. ಕೆಪಾಸಿಟರ್ ಮುಟ್ಟುವ ಮೊದಲು ಅದರ ಚಾರ್ಜ್ ಇಳಿಸಲು ಮರೆಯಬೇಡಿ, ಕರೆಂಟು ತೆಗೆದ ಮೇಲೂ ಅದು ಹೊಡೆಯುತ್ತದೆ.

ಮೋಟರ್ ತಿರುಗಿತು, ಆದರೂ ನೀರು ಎಳೆಯಲಿಲ್ಲ. ಹೀಗಾದಾಗ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಕೊಳದ ನೀರು ಸ್ಕಿಮ್ಮರ್ (ಗೋಡೆಯಲ್ಲಿ ಮೇಲ್ಮಟ್ಟದ ನೀರು, ಕಸ ಎಳೆದುಕೊಳ್ಳುವ ಕಿಂಡಿ) ಬಾಯಿಯ ಅರ್ಧಕ್ಕಾದರೂ ಇರಬೇಕು, ಅದನ್ನು ಮೊದಲು ನೋಡಿ. ಆಮೇಲೆ ಪಂಪಿಗೆ ನೀರು ಬರುವ ಕಡೆ ಇರುವ ಜಾಲರಿ ಬುಟ್ಟಿಯ ಮುಚ್ಚಳ. ಗಾಜಿನಂಥ ಆ ಮುಚ್ಚಳದ ಕೆಳಗೆ ನೊರೆ ಕುಣಿಯುತ್ತಿದ್ದರೆ ಹೆಚ್ಚಾಗಿ ಅದರ ಓ-ರಿಂಗ್, ಅಂದರೆ ರಬ್ಬರ್ ಬಳೆ, ಒಣಗಿರುತ್ತದೆ. ಪಂಪ್ ಓಡುವಾಗ ಮುಚ್ಚಳದ ಸುತ್ತ, ಒಂದೊಂದೇ ಜಾಯಿಂಟ್ ಮೇಲೆ ನೀರು ಸುರಿಯುತ್ತಾ ಹೋಗಿ. ಎಲ್ಲಿ ಸುರಿದಾಗ ನೊರೆ ನಿಲ್ಲುತ್ತದೋ ತೂತು ಅಲ್ಲೇ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಫಿಲ್ಟರಿನ ಬಿ.ಪಿ.

ಮರಳು ಫಿಲ್ಟರಿನ ತಲೆಯ ಮೇಲೊಂದು ಪ್ರೆಶರ್ ಗೇಜ್ ಇರುತ್ತದೆ. ಡಾಕ್ಟರು ಬಿ.ಪಿ. ನೋಡಿದ ಹಾಗೆ ಅದನ್ನು ನೋಡಬೇಕು. ಹೊಸದಾಗಿ ತೊಳೆದ ಫಿಲ್ಟರ್ ಎಷ್ಟು ತೋರಿಸುತ್ತದೆ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ನಮ್ಮದು 0.7 ಬಾರ್. ಅದಕ್ಕಿಂತ ಅರ್ಧ ಬಾರ್ ಏರಿದರೆ ಬ್ಯಾಕ್‌ವಾಶ್ ಮಾಡುವ ಹೊತ್ತು, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳಿನ ಕೊಳೆಯನ್ನು ಹೊರಗೆ ತಳ್ಳುವುದು. ಪ್ರೆಶರ್ ಕಡಿಮೆ, ಕೊಳಕ್ಕೆ ಬರುವ ನೀರೂ ಕಡಿಮೆ ಅಂದರೆ ಅಡ್ಡಿ ಇರುವುದು ಪಂಪಿಗಿಂತ ಹಿಂದೆ ಅಥವಾ ಪಂಪಿನೊಳಗೆ: ಬುಟ್ಟಿ, ಸ್ಕಿಮ್ಮರ್, ಇಂಪೆಲ್ಲರ್. ಪ್ರೆಶರ್ ಹೆಚ್ಚು, ನೀರು ಕಡಿಮೆ ಅಂದರೆ ಅಡ್ಡಿ ಪಂಪಿನ ಮುಂದೆ, ಹೆಚ್ಚಾಗಿ ಮರಳಿನಲ್ಲಿ.

ಇವೆರಡೂ ಅಲ್ಲದ ಮೂರನೆಯದೊಂದಿದೆ, ನನ್ನನ್ನು ಎರಡು ದಿನ ಆಟ ಆಡಿಸಿದ್ದು ಅದೇ. ಪ್ರೆಶರ್ ಸರಿಯಾಗಿದೆ, ನೀರು ಜೋರಾಗಿ ಬರುತ್ತಿದೆ, ಬಂದ ನೀರು ಮಾತ್ರ ಹೋದಷ್ಟೇ ಹಸಿರು. ಎರಡನೆಯ ದಿನ ಸಂಜೆ ಸಿಟ್ಟು ಬಂದು ಫಿಲ್ಟರಿನ ಮುಚ್ಚಳ ಬಿಚ್ಚಿದೆ. ಕೈ ಹಾಕಿದರೆ ಮರಳು ಸಡಿಲವಾಗಿ ಬೆರಳಿಗೆ ಸಿಗಬೇಕು. ನಮ್ಮದರಲ್ಲಿ ಕೈ ಒಳಗೇ ಹೋಗಲಿಲ್ಲ. ಗಡಸು ನೀರಿನ ಸುಣ್ಣ ಹಿಡಿದು ಮರಳು ಬೆಲ್ಲದ ಅಚ್ಚಿನ ಹಾಗೆ ಒಂದೇ ಗಟ್ಟಿಯಾಗಿತ್ತು. ಆ ಗಟ್ಟಿಗೂ ತೊಟ್ಟಿಯ ಗೋಡೆಗೂ ನಡುವೆ ಎರಡು ಬೆರಳು ತೂರುವಷ್ಟು ಸಂದಿ. ನೀರು ಮರಳನ್ನು ಮುಟ್ಟದೆ ಆ ಸಂದಿಯಲ್ಲಿ ಇಳಿದು ಹಾಗೇ ವಾಪಸ್ ಹೋಗುತ್ತಿತ್ತು. ಉಳಿ, ಸುತ್ತಿಗೆ ಹಿಡಿದು ಒಡೆದು ತೆಗೆಯಲು ಅರ್ಧ ದಿನ ಬೇಕಾಯಿತು. ತಳದಲ್ಲಿರುವ ಬೆರಳಿನಂಥ ಪೈಪುಗಳಿಗೆ ಏಟು ಬೀಳದ ಹಾಗೆ ನೋಡಿಕೊಳ್ಳಬೇಕು. ಅವು ಮುರಿದರೆ ಕೊಳದ ತಳದಲ್ಲಿ ಮರಳು ಬಂದು ಕೂರುತ್ತದೆ. ಕೊಳದೊಳಗೆ ಮರಳು ಕಂಡರೆ ಹುಡುಕಬೇಕಾದ ಜಾಗ ಕೂಡ ಅದೇ.

ಹೊಸ ಮರಳು ಅಂದರೆ ಫಿಲ್ಟರಿಗೆಂದೇ ಜರಡಿ ಹಿಡಿದು ಮಾರುವ ಸಿಲಿಕಾ ಮರಳು, ಕಾಳು ಅರ್ಧ ಮಿಲಿಮೀಟರ್ ಆಸುಪಾಸು. ಮನೆ ಕಟ್ಟಿದಾಗ ಉಳಿದ ಎಂ-ಸ್ಯಾಂಡ್ ಇದೆ ಅಂತ ಚಿಕ್ಕಪ್ಪ ಅಂದರು. ಅದು ಬೇಡ ಚಿಕ್ಕಪ್ಪ, ಅದರ ಧೂಳೇ ಕೊಳಕ್ಕೆ ಬರುತ್ತದೆ ಅಂದೆ. 24 ಇಂಚಿನ ಫಿಲ್ಟರಿಗೆ 50 ಕೆಜಿಯ ಮೂರು ಚೀಲ ಹಿಡಿಯಿತು. ತೊಟ್ಟಿಗೆ ಮೊದಲು ಅರ್ಧ ನೀರು ತುಂಬಿ, ಅದರ ಮೇಲೆ ಮರಳು ಸುರಿದರೆ ತಳದ ಪೈಪಿಗೆ ಪೆಟ್ಟಾಗುವುದಿಲ್ಲ.

ನೀರು ಯಾವ ಕಡೆ ಹೋಗಬೇಕು ಅಂತ ತಿರುಗಿಸುವ ಮಲ್ಟಿಪೋರ್ಟ್ ವಾಲ್ವ್ ಬಗ್ಗೆ ಒಂದೇ ಮಾತು. ಪಂಪ್ ಓಡುತ್ತಿರುವಾಗ ಅದರ ಹಿಡಿ ತಿರುಗಿಸಬೇಡಿ, ಒಳಗಿನ ಜೇಡನಾಕಾರದ ಗ್ಯಾಸ್ಕೆಟ್ ಹರಿಯುತ್ತದೆ. 'ಫಿಲ್ಟರ್' ಅಂತ ಇಟ್ಟಾಗಲೂ ವೇಸ್ಟ್ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಅದು ಹರಿದಿದೆ ಅಂತಲೇ ತಿಳಿಯಿರಿ.

ಈಗ ನೀರು

ಕೊಳದ ಅಳತೆ ಗೊತ್ತಿಲ್ಲದೆ ಔಷಧಿ ಹಾಕುವುದು, ತೂಕ ನೋಡದೆ ಮಗುವಿಗೆ ಮಾತ್ರೆ ಕೊಟ್ಟ ಹಾಗೆ. ಆಳ ಒಂದು ತುದಿಯಲ್ಲಿ 0.9 ಮೀಟರ್, ಇನ್ನೊಂದು ತುದಿಯಲ್ಲಿ 1.8; ಸರಾಸರಿ 1.35. ಎಂಟು ಗುಣಿಸು ನಾಲ್ಕು ಗುಣಿಸು 1.35 ಅಂದರೆ 43.2 ಘನ ಮೀಟರ್, 43,200 ಲೀಟರ್. ಸಾವಿರ ಲೀಟರಿಗೆ ಒಂದು ಗ್ರಾಂ ಹಾಕಿದರೆ ಒಂದು ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೊಂದು ಪಾಲು. ಈ ಒಂದು ಲೆಕ್ಕ ಸಾಕು.

ಪರೀಕ್ಷೆಗೆ ಹಳದಿ ಬಣ್ಣ ಬರುವ ಅಗ್ಗದ ಕಿಟ್ ಸಾಲದು. ಅದು ಕೆಲಸ ಮಾಡುವ ಕ್ಲೋರಿನ್ನನ್ನೂ ಕೆಲಸ ಮುಗಿಸಿದ ಕ್ಲೋರಿನ್ನನ್ನೂ ಒಟ್ಟಿಗೇ ತೋರಿಸುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತಗೊಳ್ಳಿ. ಅದರಲ್ಲೂ ಒಂದು ಮೋಸವಿದೆ: ಕ್ಲೋರಿನ್ ತೀರಾ ಜಾಸ್ತಿ ಇದ್ದರೆ ಗುಲಾಬಿ ಬಣ್ಣವೇ ಬಿಳಿಚಿಕೊಂಡು 'ಸೊನ್ನೆ' ಅಂತ ಕಾಣುತ್ತದೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ನೋಡಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ.

ನಮ್ಮ ನೀರಿನಲ್ಲಿ ಪಿಎಚ್ 8.2 ಇತ್ತು. 7.2ರಿಂದ 7.6ರ ನಡುವೆ ಇರಬೇಕಾದದ್ದು. ಕ್ಲೋರಿನ್ ಸೊನ್ನೆ. ಅಸಲಿ ಕಳ್ಳ ಸಿಕ್ಕಿದ್ದು ಸೈನೂರಿಕ್ ಆಸಿಡ್ ಪರೀಕ್ಷೆಯಲ್ಲಿ. ಉದ್ದನೆಯ ಕೊಳವೆಯ ತಳದಲ್ಲೊಂದು ಕಪ್ಪು ಚುಕ್ಕೆ ಇರುತ್ತದೆ. ಪರೀಕ್ಷೆಯ ದ್ರವ ಬೆರೆಸಿ ಮಸುಕಾದ ಕೊಳದ ನೀರು ಹುಯ್ಯುತ್ತಾ ಹೋದಂತೆ ಚುಕ್ಕೆ ಎಲ್ಲಿ ಮಾಯವಾಗುತ್ತದೋ ಅಲ್ಲಿನ ಗೆರೆಯೇ ಉತ್ತರ. ಹಸಿರು ನೀರನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿ ಹುಯ್ದೆ. ನೂರರ ಗೆರೆ ಮುಟ್ಟುವ ಮೊದಲೇ ಚುಕ್ಕೆ ಮಾಯ. ಅರ್ಧಕ್ಕರ್ಧ ಕುಡಿಯುವ ನೀರು ಬೆರೆಸಿ ಮತ್ತೆ ನೋಡಿದೆ, 70. ಅಂದರೆ ಅಸಲು 140.

ಇದು ಎಲ್ಲಿಂದ ಬಂತು ಅಂದರೆ, ಆ ಬಿಲ್ಲೆಗಳಿಂದಲೇ. ಟಿಸಿಸಿಎ ಬಿಲ್ಲೆ ಕರಗಿದಾಗ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಸೈನೂರಿಕ್ ಆಸಿಡ್ಡೂ ಬರುತ್ತದೆ. ಕ್ಲೋರಿನ್ ಬಿಸಿಲಿಗೆ ಹಾರಿಹೋಗುತ್ತದೆ, ಇದು ಹೋಗುವುದಿಲ್ಲ. ನಮ್ಮ ಅಳತೆಯ ಕೊಳಕ್ಕೆ ಒಂದು ಕೆಜಿ ಬಿಲ್ಲೆ ಹಾಕಿದರೆ ಸುಮಾರು 12 ಪಿಪಿಎಂ ಏರುತ್ತದೆ. 30ರಿಂದ 50ರವರೆಗೆ ಅದು ಒಳ್ಳೆಯದೇ, ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುತ್ತದೆ. ನೂರು ದಾಟಿದರೆ ಕಾಯುವವನೇ ಕಟ್ಟಿಹಾಕುತ್ತಾನೆ. ಕ್ಲೋರಿನ್ ಇದ್ದೂ ಪಾಚಿ ಸಾಯುವುದಿಲ್ಲ. ತೋಟದವರು ಸುಳ್ಳು ಹೇಳಿರಲಿಲ್ಲ. ಹಾಕಿದಷ್ಟೂ ಹಸಿರು ಗಟ್ಟಿಯಾಗುವ ಔಷಧಿಯನ್ನೇ ಅವರ ಕೈಗೆ ಕೊಟ್ಟಿದ್ದರು.

ಇದನ್ನು ಇಳಿಸಲು ನೀರು ಬದಲಿಸುವುದೇ ದಾರಿ. ಮೂರರಲ್ಲಿ ಎರಡು ಪಾಲು ಒಂದೇ ಸಲ ತೆಗೆದಿದ್ದರೆ 28,800 ಲೀಟರಿನಲ್ಲಿ ಮುಗಿಯುತ್ತಿತ್ತು. ನಾಲೆ ಹರಿಯುತ್ತಿದ್ದುದರಿಂದ ಧೈರ್ಯ ಬರಲಿಲ್ಲ. ಮೂರನೇ ಒಂದು ಪಾಲು ತೆಗೆದು ತುಂಬಿಸುವುದನ್ನು ಮೂರು ಸಲ ಮಾಡಿದೆ. 140 ಇಳಿದು 40ರ ಹತ್ತಿರ ಬಂತು. ಹೆಚ್ಚುವರಿ 14,400 ಲೀಟರ್ ನೀರು ತಳ ಏಳದಿರಲಿ ಅಂತ ಕೊಟ್ಟ ಕಾಣಿಕೆ. ತಳದ ಕೆಸರನ್ನು ವ್ಯಾಕ್ಯೂಮ್ ಹಚ್ಚಿ, ವಾಲ್ವ್ 'ವೇಸ್ಟ್'ನಲ್ಲಿಟ್ಟು, ಫಿಲ್ಟರಿಗೆ ಹೋಗದಂತೆ ನೇರವಾಗಿ ಹೊರಗೆ ಕಳಿಸಿದ್ದರಿಂದ ಎರಡೂ ಕೆಲಸ ಒಟ್ಟಿಗೇ ಆಯಿತು. ಕ್ಲೋರಿನ್ ಇಲ್ಲದ ಆ ನೀರು ತೆಂಗಿನ ಬುಡಕ್ಕೆ ಹೋಯಿತು.

ಆಮೇಲೆ ಆಸಿಡ್ ಹಾಕಿ ಪಿಎಚ್ 7.2ಕ್ಕೆ ತಂದು, ಸಂಜೆ ಹೊತ್ತು ಮುಳುಗಿದ ಮೇಲೆ ಹೈಪೋ, ಅಂದರೆ ದ್ರವ ಕ್ಲೋರಿನ್. ಬಿಲ್ಲೆಯಲ್ಲ, ಪುಡಿಯೂ ಅಲ್ಲ. ಬಿಲ್ಲೆ ಸೈನೂರಿಕ್ ಸೇರಿಸುತ್ತದೆ, ಪುಡಿ ಮೊದಲೇ ಗಡಸಾದ ಬೋರ್ ನೀರಿಗೆ ಇನ್ನಷ್ಟು ಸುಣ್ಣ ಸೇರಿಸುತ್ತದೆ. ಕ್ಯಾನಿನಲ್ಲಿ ಸಿಗುವ ಸೋಡಿಯಂ ಹೈಪೋ 10 ಪರ್ಸೆಂಟ್ ಅಂದುಕೊಂಡರೆ, 43,200 ಲೀಟರನ್ನು 16 ಪಿಪಿಎಂಗೆ ಏರಿಸಲು ಸುಮಾರು 7 ಲೀಟರ್ ಬೇಕು. ಅಂಗಡಿಯ ಮುಂದೆ ಬಿಸಿಲಲ್ಲಿ ಒಣಗಿದ ಕ್ಯಾನ್ ತಗೊಂಡರೆ ಅದರಲ್ಲಿ ಅರ್ಧ ಸತ್ವವೂ ಇರುವುದಿಲ್ಲ. ಪಂಪ್ ಹಗಲೂ ರಾತ್ರಿ ಓಡಬೇಕು, ಗೋಡೆಯನ್ನು ದಿನಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜಬೇಕು, ಕ್ಲೋರಿನ್ ಇಳಿದಂತೆ ಮತ್ತೆ ಏರಿಸುತ್ತಿರಬೇಕು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಗಾಬರಿಯಿಂದ ಫೋನ್ ಮಾಡಿದರು: "ಅಕ್ಕಿ ತೊಳೆದ ನೀರಿನ ಥರ ಆಗೋಗಿದೆ ಕಣೋ!" ಅದು ಒಳ್ಳೆಯ ಸುದ್ದಿ. ಪಾಚಿ ಸತ್ತಿದೆ. ಈಗ ಫಿಲ್ಟರಿನ ಸರದಿ. ಈ ಹಂತದಲ್ಲಿ ಪಟಿಕ ಸುರಿಯುವ ಅಭ್ಯಾಸ ಬಹಳ ಜನಕ್ಕಿದೆ. ಪಟಿಕ ಹಾಕಿದರೆ ಪಂಪ್ ನಿಲ್ಲಿಸಿ ರಾತ್ರಿಯಿಡೀ ಬಿಟ್ಟು, ತಳದಲ್ಲಿ ಕೂತದ್ದನ್ನು 'ವೇಸ್ಟ್'ಗೇ ಎಳೆಯಬೇಕು. ಫಿಲ್ಟರಿಗೆ ಎಳೆದರೆ ಹೊಸ ಮರಳಿಗೆ ಅಂಟು ಹಚ್ಚಿದ ಹಾಗೆ. ನಾನು ಹಾಕಲಿಲ್ಲ. ಆರು ದಿನ, ಒಂಬತ್ತು ಬ್ಯಾಕ್‌ವಾಶ್. ಏಳನೆಯ ದಿನ ಆಳದ ತುದಿಗೆ ಐದು ರೂಪಾಯಿ ನಾಣ್ಯ ಎಸೆದರೆ ಯಾವ ಮಗ್ಗುಲು ಮೇಲಿದೆ ಅಂತ ದಡದಿಂದಲೇ ಕಂಡಿತು. ಆದರೂ ಕಣ್ಣನ್ನು ನಂಬಬೇಡಿ. ಕತ್ತಲಾದ ಮೇಲೊಮ್ಮೆ, ಸೂರ್ಯ ಹುಟ್ಟುವ ಮೊದಲೊಮ್ಮೆ ಕ್ಲೋರಿನ್ ಅಳೆಯಿರಿ. ರಾತ್ರಿಯಲ್ಲಿ ಒಂದು ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಒಳಗೆ ತಿನ್ನುವವರು ಇನ್ನೂ ಇದ್ದಾರೆ. ಕ್ಲೋರಿನ್ ಮೂರಕ್ಕೆ ಇಳಿಯುವವರೆಗೂ ಮಕ್ಕಳನ್ನು ಬಿಡಬೇಡಿ.

ಕ್ಲೋರಿನ್ ಹಾಕಿದ ಮೇಲೆ ನೀರು ಬೆಳ್ಳಗಾಗದೆ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಪಾಚಿಯಲ್ಲ, ಬೋರಿನ ಕಬ್ಬಿಣ. ತಿಳಿಯಾಗಿದ್ದೂ ಹಸಿರು ಛಾಯೆ ಉಳಿದರೆ ತಾಮ್ರ ಇರಬಹುದು, ಪಾಚಿ ನಾಶಕ ಅಂತ ಮಾರುವ ಕೆಲವು ದ್ರವಗಳಲ್ಲಿ ಅದಿರುತ್ತದೆ. ಹೊಸ ನೀರು ತುಂಬುವ ಮೊದಲು ಒಂದು ಬಿಳಿ ಬಕೆಟ್ ಬೋರ್ ನೀರಿಗೆ ಒಂದು ಚಮಚ ಹೈಪೋ ಹಾಕಿ ಅರ್ಧ ಗಂಟೆ ಕಾದರೆ ಕಬ್ಬಿಣದ ವಿಷಯ ಅಲ್ಲೇ ಬಯಲಾಗುತ್ತದೆ.

ನೀರು ಇಳಿಯುತ್ತಿದೆ, ಸೋರಿಕೆಯೋ ಬಿಸಿಲೋ

ಕೊಳದ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಒಳಗೂ ಹೊರಗೂ ಒಂದೇ ಮಟ್ಟಕ್ಕೆ ನೀರಿರುವಂತೆ ತುಂಬಿ, ಗುರುತು ಹಾಕಿ ಒಂದು ದಿನ ಬಿಡಿ. ಬಿಸಿಲು ಎರಡನ್ನೂ ಒಂದೇ ಸಮ ಕುಡಿಯುತ್ತದೆ. ನಮ್ಮ ಬಕೆಟ್ 5 ಮಿಲಿಮೀಟರ್ ಇಳಿದಿತ್ತು, ಕೊಳ 25. ಉಳಿದ 20 ಮಿಲಿಮೀಟರ್ ಅಂದರೆ ದಿನಕ್ಕೆ 640 ಲೀಟರ್ ಮಣ್ಣುಪಾಲು. ಪಂಪ್ ಓಡುವಾಗ ಮಾತ್ರ ಹೆಚ್ಚು ಇಳಿದರೆ ಕೊಳಕ್ಕೆ ನೀರು ತರುವ ಪೈಪು ನೋಡಿ. ನಮ್ಮದರಲ್ಲಿ ಪಂಪ್ ನಿಂತಾಗಲೂ ಇಳಿಯಿತು, ಸ್ಕಿಮ್ಮರ್ ಬಾಯಿಯ ಕೆಳ ಅಂಚಿಗೆ ಬಂದು ನಿಂತಿತು. ನೀರು ಎಲ್ಲಿ ನಿಲ್ಲುತ್ತದೋ ಬಿರುಕು ಆ ಮಟ್ಟದಲ್ಲೇ ಇದೆ. ಸಿರಿಂಜಿನಲ್ಲಿ ಅಡುಗೆ ಬಣ್ಣ ತುಂಬಿ ಸ್ಕಿಮ್ಮರ್ ಸುತ್ತ ಮೆಲ್ಲಗೆ ಬಿಟ್ಟರೆ, ಒಂದು ಮೂಲೆಯಲ್ಲಿ ಕೇಸರಿ ಎಳೆ ಸರ್ರನೆ ಕಾಂಕ್ರೀಟಿನೊಳಗೆ ನುಸುಳಿತು. ನೀರಿನಲ್ಲೇ ಗಟ್ಟಿಯಾಗುವ ಎಪಾಕ್ಸಿ ಮೆತ್ತಿದ್ದಕ್ಕೆ ನಿಂತಿತು.

"ಮಾವ, ಇದನ್ನೇ ಕಸುಬು ಮಾಡಿದರೆ?"

ನನ್ನ ಜೊತೆ ಓಡಾಡುತ್ತಿದ್ದ ಅಕ್ಕನ ಮಗ ಕೇಳಿದ್ದು. ಪ್ರಶ್ನೆ ಒಳ್ಳೆಯದೇ. ಅವನು ಲೆಕ್ಕ ಹಾಕುತ್ತಿದ್ದದ್ದು ಮಾತ್ರ ತಪ್ಪು ಕಡೆಯಿಂದ. ಹಸಿರು ಕೊಳವನ್ನು ತಿಳಿಯಾಗಿಸಿದ್ದಕ್ಕೆ ಜನ ಬೆರಗಾಗಿ ದುಡ್ಡು ಕೊಡುತ್ತಾರೆ ಅನ್ನುವುದು ಅವನ ಅಂದಾಜು. ಕೊಡುತ್ತಾರೆ, ಒಮ್ಮೆ. ಈ ಕೆಲಸಕ್ಕೆ ಹೋಗಿಬರುವುದು ಬಿಟ್ಟು ನಮ್ಮಿಬ್ಬರ ಕೈಗೆಲಸವೇ ನಲವತ್ತು ಗಂಟೆ ದಾಟಿತು, ಮರಳು ಗಟ್ಟಿಯಾಗಿರುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನವೇ ಇಷ್ಟು ರೂಪಾಯಿ ಅಂತ ಬಾಯಿಬಿಟ್ಟಿದ್ದರೆ ಕೈಯಿಂದ ಹೋಗುತ್ತಿತ್ತು. ಹಾಗಾಗಿ ಹೊಸ ಜಾಗಕ್ಕೆ ಹೋದರೆ ಮೊದಲು ನೋಡುವ ಕೂಲಿ ಬೇರೆ, ಫಿಲ್ಟರ್ ಬಿಚ್ಚಿ ನೋಡಿದ ಮೇಲೆ ರೇಟು ಬೇರೆ.

ಹೊಟ್ಟೆ ತುಂಬುವುದು ವಾರದ ಪಾಳಿಯಲ್ಲಿ. ಸುಸ್ಥಿತಿಯ ಕೊಳಕ್ಕೆ ವಾರಕ್ಕೊಮ್ಮೆ ಒಂದೂವರೆ ಗಂಟೆ ಸಾಕು. ಒಂದೇ ರಸ್ತೆಯಲ್ಲಿ ನಾಲ್ಕು ಸಿಕ್ಕರೆ ಒಂದು ದಿನದ ಕೂಲಿ. ಊರಿನ ನಾಲ್ಕು ದಿಕ್ಕಿಗೆ ಒಂದೊಂದು ಸಿಕ್ಕರೆ ಪೆಟ್ರೋಲ್ ಬಂಕಿನವರಿಗೆ ಲಾಭ. ಔಷಧಿ ಯಾರು ತರುವುದು, ಪಂಪ್ ಕೆಟ್ಟರೆ ಯಾರ ಜವಾಬ್ದಾರಿ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಮೂರನೆಯ ತಿಂಗಳು ಜಗಳ ಬರುವುದು ಅಲ್ಲೇ. ಸ್ಕೂಟರಿನ ಮುಂದೆ ಆಸಿಡ್ ಕ್ಯಾನ್, ಹಿಂದೆ ಹೈಪೋ ಕ್ಯಾನ್ ಕಟ್ಟಿಕೊಂಡು ಹೋಗುವ ಹುಡುಗರನ್ನು ನೋಡಿದ್ದೇನೆ. ಎರಡೂ ಸೋರಿ ಸೇರಿದರೆ ಕ್ಲೋರಿನ್ ಗ್ಯಾಸ್. ಇವನಿಗೆ ಆ ಕೆಲಸ ಬೇಡ ಅಂದಿದ್ದೇನೆ, ಔಷಧಿ ಮನೆಯವರೇ ತರಿಸಿಟ್ಟುಕೊಳ್ಳಲಿ.

ಅಪಾಯವೂ ಇದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು. ಅಂಥ ಬೇಸಿಗೆಯಲ್ಲಿ ಈ ಕಸುಬಿನವರ ಪಾಳಿ ಏನಾದೀತು ಯೋಚಿಸಿ. ಅದೇ ವರ್ಷ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿಗೆ ಜಾಗ ಕೊಟ್ಟ ಮನೆಗಳಿಗೂ ದಂಡ ಇಟ್ಟಿತು. ಅದು ಇದೇ ಕಸುಬಿಗೆ ಅನುಕೂಲ: ಕೊಳ ಇಟ್ಟುಕೊಂಡವರು ಅದನ್ನು ಹಾಗೇ ಬಿಡುವ ಹಾಗಿಲ್ಲ. ನೀರು ಉಳಿಸಿ ಕೊಳ ಸುಸ್ಥಿತಿಯಲ್ಲಿಡಬಲ್ಲವನಿಗೆ ಎರಡೂ ಕಡೆಯಿಂದ ಕೆಲಸ ಸಿಗುತ್ತದೆ. ಆ ಬಕೆಟ್ ಪರೀಕ್ಷೆ ಮತ್ತು ಸೈನೂರಿಕ್ ಲೆಕ್ಕ ಗೊತ್ತಿದ್ದವನೇ ಅದನ್ನು ಮಾಡಬಲ್ಲ.

ಸದ್ಯ ಅಕ್ಕನ ಮಗ ಚಿಕ್ಕಪ್ಪನ ಕೊಳದ ಜೊತೆಗೆ ಅದೇ ರಸ್ತೆಯಲ್ಲಿ ಇನ್ನೊಂದನ್ನು ಹಿಡಿದಿದ್ದಾನೆ. ಮೂರನೆಯ ಮನೆಯವರು ನಿನ್ನೆ ಫೋನ್ ಮಾಡಿದ್ದರು. ನೀರು ಸ್ವಲ್ಪ ಹಸಿರು ಅಷ್ಟೇ, ಎರಡು ಕೆಜಿ ಬಿಲ್ಲೆ ಹಾಕಿ ಹೋಗಿ ಸಾಕು, ಪಂಪ್ ರೂಮಿನ ಬೀಗದ ಕೈ ಕಳೆದುಹೋಗಿದೆ ಅಂದರು. ಬೀಗ ಒಡೆಸಿದ ಮೇಲೆ ಕರೆಯಿರಿ, ಬರುತ್ತಾನೆ ಅಂದೆ.